ಹನ್ನೆರಡನೆಯವನ ಹನ್ನೊಂದು ನಿಮಿಷ

ಅಫಜಲಪುರ
10 ಜೂನ್ 1996

ದೌಲತರಾಯನಿಗೆ ವ್ಯಂಕಟೇಶನ ನಮಸ್ಕಾರಗಳು.

ಯಾವ ವ್ಯಂಕಟೇಶ ಎಂದು ತಲೆ ಕೆರೆದುಕೊಳ್ಳಬೇಡ. ಗಾಣಗಾಪುರದ ಪುರೋಹಿತರ ಮಗ. ನೀನು ಭೀಮಾ ಫುಟ್‌ಬಾಲ್ ಕ್ಲಬ್ಬಿನ ಕ್ಯಾಪ್ಟನ್ ಆಗಿದ್ದಾಗ ಸೈಕಲ್ ಪಂಪಿನಿಂದ ಚೆಂಡಿಗೆ ಗಾಳಿ ಹೊಡೆದು, ಬಾರು ಬಿಗಿದು, ನಿಮ್ಮ ಹನ್ನೊಂದು ಜನರ ಧೋತರ, ಉಂಗುರ, ಗಡಿಯಾರ ಕಾಯುತ್ತ ಗೆರೆಯ ಆಚೆ ಕೂತಿರುತ್ತಿದ್ದವನು. ನೀನು ಹೆಂಡತಿಯ ಊರು ಸೇರಿ ಮೂವತ್ತು ವರ್ಷ ದಾಟಿತು. ಖಜೂರಿ ಏನು ಕಾಶಿಯೇ? ಆಳಂದದಲ್ಲಿ ಬಸ್ಸು ಬದಲಿಸಿದರೆ ಮುಗಿಯಿತು. ಆದರೂ ನೀನೂ ಬರಲಿಲ್ಲ, ನಾನೂ ಬರಲಿಲ್ಲ. ತಪ್ಪನ್ನು ಅರ್ಧರ್ಧ ಹಂಚಿಕೊಳ್ಳೋಣ.

ಈ ಜನವರಿಯಲ್ಲಿ ಪೋಸ್ಟ್‌ಮಾಸ್ಟರ್ ಕೆಲಸದಿಂದ ನಿವೃತ್ತನಾದೆ. ಸರಸ್ವತಿ ತೀರಿಕೊಂಡು ನಾಲ್ಕು ವರ್ಷವಾಯಿತು. ಮಕ್ಕಳಿಲ್ಲ, ನಿನಗೆ ಗೊತ್ತೇ ಇದೆ. ಬೆಳಿಗ್ಗೆ ಹತ್ತು ಹೊಡೆಯಿತೆಂದರೆ ಕಾಲು ತಾವೇ ಚಪ್ಪಲಿ ಹುಡುಕುತ್ತವೆ, ಆದರೆ ಹೋಗಲು ಜಾಗವಿಲ್ಲ. ಅದಕ್ಕೇ ಒಂದು ಜಾಗ ಮಾಡಿಕೊಂಡೆ. ಮಲ್ಲಣ್ಣನ ಹತ್ತಿ ಜಿನ್ನಿಂಗ್ ಕಾರ್ಖಾನೆಯ ಹಿಂದೆ ನಮ್ಮ ಕ್ಲಬ್ಬಿನ ಕೋಣೆ ಇತ್ತಲ್ಲ, ಅದನ್ನು ಕಸ ಹೊಡೆದು, ಸುಣ್ಣ ಬಳಿದು, ಮ್ಯೂಸಿಯಂ ಮಾಡಿದ್ದೇನೆ. ನಗಬೇಡ. ಹೊರಗೆ ಬೋರ್ಡು ಕೂಡ ಇದೆ. ಕ್ಲಬ್ಬು ಮುಚ್ಚಿ ಹದಿನೆಂಟು ವರ್ಷವಾಯಿತು, ಊರಿನ ಹುಡುಗರೆಲ್ಲ ಕ್ರಿಕೆಟ್ಟಿಗೆ ಬಿದ್ದರು. ತಂಡವಿಲ್ಲದ ಕ್ಲಬ್ಬಿಗೆ ಮ್ಯೂಸಿಯಂ ಆದರೂ ಇರಲಿ.

ಸದ್ಯ ಇರುವುದು ಇಷ್ಟು: ಕ್ಲಬ್ಬು ಹುಟ್ಟಿದ 1950ರ ಗುಂಪು ಫೋಟೊ, ಹೈದರಾಬಾದಿನಿಂದ ತರಿಸಿದ ಮೊದಲ ಚೆಂಡು, ಪಂದ್ಯಗಳ ರಿಜಿಸ್ಟರು, ಕಿವಿ ಮುರಿದ ಕಪ್ಪು, ಮತ್ತೆ ಒಂಬತ್ತು ಬೂಟು. ಒಂಬತ್ತರಲ್ಲಿ ಒಂದಕ್ಕೂ ಜೋಡಿಯಿಲ್ಲ. ಗೋಲ್‌ಕೀಪರ್ ದೊಡ್ಡಪ್ಪನ ಮನೆಯವರು ಅವನದೆಂದು ಕೊಟ್ಟ ಬೂಟು ನನ್ನ ಕಾಲಿಗೇ ಬಿಗಿಯಾಯಿತು. ದೊಡ್ಡಪ್ಪನ ಪಾದ ನೆನಪಿದೆಯಲ್ಲ, ಮೊರದಗಲ. ಮಲ್ಲಣ್ಣನಂತೂ ಬಂದಾಗಲೆಲ್ಲ ತನ್ನ ಲೆಕ್ಕಕ್ಕೆ ನಾಲ್ಕು ಗೋಲು ಸೇರಿಸಿ ಹೋಗುತ್ತಾನೆ. ಅದಕ್ಕೇ ಒಂದು ನಿಯಮ ಮಾಡಿ ಗೋಡೆಗೆ ಅಂಟಿಸಿದೆ: ಇಬ್ಬರು ಸಾಕ್ಷಿ ಹೇಳದ ಯಾವ ಮಾತೂ ಇಲ್ಲಿ ಚೀಟಿಯಾಗಿ ಗೋಡೆ ಏರುವುದಿಲ್ಲ. ತನ್ನ ವಿಷಯಕ್ಕೆ ತಾನೇ ಸಾಕ್ಷಿಯಾಗುವಂತಿಲ್ಲ.

ನಿನ್ನಿಂದ ಎರಡು ಸಹಾಯ ಬೇಕು. ಒಂದು, ನಿನ್ನದೇನಾದರೂ ವಸ್ತು ಕಳಿಸು. ಇನ್ನೊಂದು ಸಣ್ಣದು. 1956ರ ಮಾರ್ಚಿನಲ್ಲಿ ಜೇವರ್ಗಿಯವರು ಇಲ್ಲಿಗೆ ಆಡಲು ಬಂದಿದ್ದರು. ಎರಡನೇ ಅರ್ಧದಲ್ಲಿ ಚಮನಸಾಬನ ಕಾಲು ಮುರಿಯಿತು. ಆಗ ಅವನ ಬದಲಿಗೆ ಒಳಗೆ ಹೋದವರು ಯಾರು? ರಿಜಿಸ್ಟರಿನಲ್ಲಿ ಇಲ್ಲ, ಆ ಜಾಗದಲ್ಲಿ ಕಾಗದ ಸವೆದಿದೆ. ನೆನಪಿದ್ದರೆ ಬರೆ.

ನಿನ್ನ
ವ್ಯಂಕಟೇಶ

*

ಖಜೂರಿ
2 ಜುಲೈ 1996

ಲೇ ಭಟ್ಟಾ,

ನಿನ್ನ ಅಕ್ಷರ ಕಂಡ ಕೂಡಲೇ ಗುರುತು ಹಿಡಿದೆ. ಈಗಲೂ ಇರುವೆ ಸಾಲು ಹೋದ ಹಾಗೆಯೇ ಬರೆಯುತ್ತೀ. ನನ್ನ ಹೆಂಡತಿ ಗಂಗಾಬಾಯಿ ತೀರಿಹೋದ ಮೇಲೆ ನನಗೆ ಪತ್ರ ಬರೆದವನು ನೀನೇ ಮೊದಲಿಗ. ಬರುವ ಕಾಗದವೆಲ್ಲ ಕರೆಂಟಿನವರದು, ಬ್ಯಾಂಕಿನವರದು.

ನಾನಿಲ್ಲಿ ಡಾಂಬರು ರಸ್ತೆಯ ಬದಿಗೆ ಹೊರಸು ಹಾಕಿಕೊಂಡು ಕೂತು ಮಹಾರಾಷ್ಟ್ರದ ಕಡೆ ಹೋಗುವ ಲಾರಿ ನೋಡುತ್ತೇನೆ. ಹೊಲ ಮಗ ನೋಡುತ್ತಾನೆ. ಅವನು ಒಳ್ಳೆಯವನು, ಆದರೆ ನನ್ನ ಮಾತು ಮುಗಿಯುವ ಮೊದಲೇ "ಹೌದ್ರಿ ಅಪ್ಪಾ, ಹೌದ್ರಿ" ಎಂದು ಎದ್ದು ಹೋಗುತ್ತಾನೆ. ನಾನು ಫುಟ್‌ಬಾಲ್ ಆಡಿದ್ದೆನೆಂದರೆ ಮೊಮ್ಮಕ್ಕಳು ನನ್ನ ಹೊಟ್ಟೆ ನೋಡಿ ನಗುತ್ತವೆ.

ನನ್ನ ಬಲಗಾಲಿನ ಬೂಟನ್ನು ಲಾರಿಯವನ ಕೈಲಿ ಕಳಿಸಿದ್ದೇನೆ. ಜೋಡಿ ಇದೆ, ಕೊಡುವುದಿಲ್ಲ. ಎಡಗಾಲಿನದರಲ್ಲಿ ಮೊಳೆ, ಸುತ್ತಿಗೆ ಇಟ್ಟುಕೊಂಡಿದ್ದೇನೆ. ಕ್ಯಾಪ್ಟನ್ ದೌಲತರಾಯನ ಬೂಟು ಎಂದು ದಪ್ಪ ಅಕ್ಷರದಲ್ಲಿ ಬರೆ. ಇದಕ್ಕೂ ಇಬ್ಬರು ಸಾಕ್ಷಿ ಬೇಕೇನು ನಿನಗೆ? ಭಾರಿ ಕಾಯ್ದೆ ಮಾಡಿದ್ದೀಯಪ್ಪಾ.

ಮಳೆ ಈ ಸಲ ಪರವಾಗಿಲ್ಲ. ತೊಗರಿ ಬಿತ್ತಿದ್ದೇವೆ. ಮತ್ತೇನೂ ವಿಶೇಷ ಇಲ್ಲ.

ಇಂತಿ
ದೌಲತರಾಯ ಪಾಟೀಲ

*

ಅಫಜಲಪುರ
9 ಜುಲೈ 1996

ದೌಲತಾ,

ಬೂಟು ತಲುಪಿತು. ಮಲ್ಲಣ್ಣ ಮತ್ತು ನಾನು ಗುರುತಿಸಿ ಸಹಿ ಹಾಕಿದೆವು. ಅದಕ್ಕೀಗ ನಡುವಿನ ಜಾಗ.

ಮ್ಯೂಸಿಯಂ ತೆರೆದು ಐವತ್ತು ದಿನವಾಯಿತು. ಸಂದರ್ಶಕರ ಪುಸ್ತಕದಲ್ಲಿ ಮೂರು ಹೆಸರಿವೆ. ಒಬ್ಬ ಮಳೆ ಬಂತೆಂದು ಒಳಗೆ ನಿಂತವನು. ಒಬ್ಬ ಇದು ರೇಷನ್ ಅಂಗಡಿಯೇ ಎಂದು ಕೇಳಲು ಬಂದವನು. ಮೂರನೆಯವಳು ಚಮನಸಾಬನ ಹೆಂಡತಿ ಪೀರಬಿ. ಪಾಪ, ಅವನು ಹೋಗಿ ಹದಿನೈದು ವರ್ಷವಾದರೂ ಅವನ ಆಟದ ಅಂಗಿಯನ್ನು ಟ್ರಂಕಿನಲ್ಲಿ ಇಟ್ಟಿದ್ದಳು. "ನಮ್ಮ ಮನ್ಯಾಗ ಇದ್ರ ಇಲಿ ತಿಂತಾವ್ರಿ ಪೋಸ್ಟ್ ಸಾಹೇಬ್ರ, ನಿಮ್ಮ ಹತ್ರ ಇರ್ಲಿ" ಎಂದು ಕೊಟ್ಟು, ಬಾಗಿಲ ತನಕ ಹೋದವಳು ತಿರುಗಿ ಬಂದು ಅದರ ತೋಳನ್ನು ಇನ್ನೊಮ್ಮೆ ಸವರಿ ಹೋದಳು. ಹಸಿರು ಅಂಗಿ, ಬೆನ್ನಿಗೆ ಏಳು. ಗೋಡೆಗೆ ತೂಗು ಹಾಕಿದೆ.

ಉಳಿದ ದಿನ ನಾನು, ನನ್ನ ಡಬ್ಬಿ, ಒಂದು ಕುರ್ಚಿ. ಐದು ಗಂಟೆಗೆ ಬೀಗ ಹಾಕುತ್ತೇನೆ.

ನನ್ನ ಪ್ರಶ್ನೆಗೆ ನೀನು ಉತ್ತರ ಕೊಡಲಿಲ್ಲ. ಮೊದಲ ಸಲ ಸುತ್ತು ಹಾಕಿ ಕೇಳಿದ್ದು ನನ್ನದೇ ತಪ್ಪು. ಈಗ ನೇರವಾಗಿ ಕೇಳುತ್ತೇನೆ. ಆ ದಿನ ಚಮನಸಾಬನ ಬದಲಿಗೆ ಒಳಗೆ ಹೋದವನು ನಾನು. ಬದಲಿ ಆಟಗಾರ ಎನ್ನುವುದು ಆಗ ನಿಯಮದಲ್ಲಿ ಇರಲಿಲ್ಲ, ಆದರೆ ನಮ್ಮ ಕಡೆ ಇಬ್ಬರು ಕ್ಯಾಪ್ಟನ್ನರು ಒಪ್ಪಿದರೆ ನಡೆಯುತ್ತಿತ್ತು. ನೀನೇ ಕೈ ಮಾಡಿ ಕರೆದೆ. ಕ್ಲಬ್ಬಿನಲ್ಲಿ ಎಂಟು ವರ್ಷ ಇದ್ದೆ, ಆಡಿದ್ದು ಆ ಒಂದೇ ದಿನ. ಮಲ್ಲಣ್ಣನನ್ನು ಕೇಳಿದರೆ "ನೀ ಎಲ್ಲಿ ಆಡಿದ್ಯೋ ಮಾರಾಯಾ, ನಮ್ಮ ಧೋತರ ಕಾಯ್ತಿದ್ದಿ" ಎಂದು ನಗುತ್ತಾನೆ. ಅವನು ಹೋದ ಮೇಲೆ ರಿಜಿಸ್ಟರು ತೆಗೆದು ಹುಡುಕುತ್ತೇನೆ. ಇಷ್ಟು ಸಲ ಹುಡುಕಿದ್ದೇನೆ ಎಂದರೆ, ನಾನು ನಿಜವಾಗಿ ಆಡಿದ್ದೆನೋ ಕನಸು ಕಂಡಿದ್ದೆನೋ ಎಂದು ನನಗೇ ಸಂಶಯ ಬರಲು ಹತ್ತಿದೆ.

ಆಟದ ವಿವರ ಒಂದನ್ನೂ ನಾನು ಬರೆಯುವುದಿಲ್ಲ. ಬರೆದರೆ ಅದು ನಿನ್ನ ಸಾಕ್ಷಿ ಆಗುವುದಿಲ್ಲ, ನನ್ನ ಉಕ್ತಲೇಖನ ಆಗುತ್ತದೆ. ನಿನಗೆ ನೆನಪಿದ್ದದ್ದನ್ನು ನೀನು ಬರೆ. ಎಸ್‌ಟಿಡಿ ಬೂತಿನಿಂದ ಫೋನು ಮಾಡಿ ಪಾರಾಗಬೇಡ. ನನಗೆ ಕಾಗದ ಬೇಕು.

ನಿನ್ನ
ವ್ಯಂಕಟೇಶ

*

ಖಜೂರಿ
28 ಆಗಸ್ಟ್ 1996

ಪ್ರಿಯ ಮಿತ್ರ ವ್ಯಂಕಟೇಶನಿಗೆ,

ತಡವಾಯಿತು, ಬೇಜಾರಾಗಬೇಡ. ನಿನಗೆ ಬೇಕಾದ ಸಾಕ್ಷಿಯನ್ನು ಕೆಳಗೆ ಬರೆದಿದ್ದೇನೆ. ಕತ್ತರಿಸಿ ಅಂಟಿಸಿಕೋ.

"ಜೇವರ್ಗಿ ವಿರುದ್ಧದ ಪಂದ್ಯದಲ್ಲಿ ಚಮನಸಾಬ ಗಾಯಗೊಂಡಾಗ ಶ್ರೀ ವ್ಯಂಕಟೇಶ ಪುರೋಹಿತ ಇವರು ಅರ್ಧ ತಾಸು ಅಮೋಘವಾಗಿ ಆಡಿ, ಎಡಗಾಲಿನಿಂದ ಭರ್ಜರಿ ಗೋಲು ಹೊಡೆದು ಕ್ಲಬ್ಬಿಗೆ ಜಯ ತಂದರು. ಜನ ಅವರನ್ನು ಹೆಗಲ ಮೇಲೆ ಹೊತ್ತು ಊರ ಅಗಸಿ ಬಾಗಿಲತನಕ ಮೆರವಣಿಗೆ ಮಾಡಿದ್ದು ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಸಹಿ: ದೌಲತರಾಯ ಪಾಟೀಲ, ಮಾಜಿ ಕ್ಯಾಪ್ಟನ್."

ಇನ್ನೊಬ್ಬ ಸಾಕ್ಷಿ ಬೇಕೆಂದರೆ ಮಲ್ಲಣ್ಣನಿಗೂ ಒಂದು ಚೀಟಿ ಬರೆಯುತ್ತೇನೆ, ಅವನೂ ಸಹಿ ಹಾಕುತ್ತಾನೆ. ಈಗ ಖುಷಿಯಾಗಿರು.

ಇಂತಿ
ದೌಲತರಾಯ

*

ಅಫಜಲಪುರ
3 ಸೆಪ್ಟೆಂಬರ್ 1996

ಶ್ರೀ ದೌಲತರಾಯ ಪಾಟೀಲರಿಗೆ,

ನಿಮ್ಮ ಸಾಕ್ಷಿಪತ್ರ ತಲುಪಿತು. ಮೇಜಿನ ಖಾನೆಯಲ್ಲಿ ಇಟ್ಟಿದ್ದೇನೆ. ಗೋಡೆಗೆ ಬರುವುದಿಲ್ಲ.

ಅರ್ಧ ತಾಸಂತೆ! ಗೋಲಂತೆ! ಮೆರವಣಿಗೆಯಂತೆ! ಆ ಪಂದ್ಯದಲ್ಲಿ ನಾವು ಎರಡು-ಒಂದರಿಂದ ಸೋತೆವು, ದೌಲತಾ. ನೀನೇ ರಿಜಿಸ್ಟರಿನಲ್ಲಿ ಬರೆದಿದ್ದೀ. ಏನು ನಡೆಯಿತೆಂದು ಈಗ ನಾನು ಹೇಳುತ್ತೇನೆ, ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿಲ್ಲ. ನಾನು ಒಳಗಿದ್ದದ್ದು ಹನ್ನೊಂದು ನಿಮಿಷ. ನಿಮ್ಮೆಲ್ಲರ ಗಡಿಯಾರ ನನ್ನ ಹತ್ತಿರ ಇದ್ದವಲ್ಲ, ನೋಡಿಕೊಂಡೇ ಹೋಗಿದ್ದೆ. ಮೈಮೇಲೆ ಚಮನಸಾಬನ ಅಂಗಿ, ಅವನ ಬೆವರಿನಿಂದ ಒದ್ದೆಯಾಗಿತ್ತು. ಚೆಂಡು ನನಗೆ ಸಿಕ್ಕಿದ್ದು ಎರಡೇ ಸಲ. ಮೊದಲನೆಯದು ಮೇಲಿನಿಂದ ಬಂತು, ಓಡಿ ಹೋಗಿ ತಲೆ ಕೊಟ್ಟೆ. ಬಾರಿನ ಗಂಟು ನೆತ್ತಿಗೆ ಬಡಿದು ಕಣ್ಣು ಕತ್ತಲೆ ಬಂತು, ಜುಟ್ಟು ಬಿಚ್ಚಿಹೋಯಿತು, ಚೆಂಡು ಬದಿಯ ಗೆರೆ ದಾಟಿ ಹೊರಗೆ ಹೋಯಿತು. ಎರಡನೆಯದನ್ನು ಕಾಲಿನಿಂದ ನಿನಗೇ ಕೊಟ್ಟೆ. ನೀನು ಅದನ್ನು ಗೋಲು ಬಿಟ್ಟು ಸಂತೆ ಕಟ್ಟೆಗೆ ಒದ್ದೆ. ಜೇವರ್ಗಿಯವರ ಎರಡನೇ ಗೋಲು ಆದದ್ದು ನಾನು ಒಳಗಿದ್ದಾಗಲೇ.

ಇದಿಷ್ಟೇ ನನ್ನ ಆಸ್ತಿ. ಇದು ನಿನಗೆ ನೆನಪಿಲ್ಲದಿದ್ದರೆ ನೆನಪಿಲ್ಲ ಎನ್ನಬೇಕಿತ್ತು, ನಾನು ಸಹಿಸಿಕೊಳ್ಳುತ್ತಿದ್ದೆ. ನೀನು ಭಿಕ್ಷೆ ಹಾಕಿದ ಹಾಗೆ ಒಂದು ಗೋಲು ಹಾಕಿದೆ.

ಇನ್ನೊಂದು ಮಾತು, ಹೇಳಿಯೇ ಬಿಡುತ್ತೇನೆ. ಆ ದಿನದ ನಂತರ ನೀನು ನನ್ನನ್ನು ಒಂದು ಸಲವೂ ಒಳಗೆ ಕರೆಯಲಿಲ್ಲ. ಎಷ್ಟೋ ಪಂದ್ಯದಲ್ಲಿ ಜನ ಕಡಿಮೆ ಬಿದ್ದರು, ಹತ್ತೇ ಜನರಿಂದ ಆಡಿಸಿದೆ, ನನ್ನ ಕಡೆ ನೋಡಲಿಲ್ಲ. ನಾನು ಅಷ್ಟು ಕೆಟ್ಟದಾಗಿ ಆಡಿದೆ ಎಂದು ನಲವತ್ತು ವರ್ಷದಿಂದ ತಿಳಿದುಕೊಂಡಿದ್ದೇನೆ. ನಾಚಿಕೆಯಿಂದ ನಿನ್ನನ್ನು ಕೇಳಲೂ ಆಗಲಿಲ್ಲ.

ವ್ಯಂಕಟೇಶ ಪುರೋಹಿತ

*

ಅಫಜಲಪುರ
20 ನವೆಂಬರ್ 1996
(ಕಾರ್ಡು)

ದೌಲತಾ,

ನಿನ್ನಿಂದ ಪತ್ರವಿಲ್ಲ. ಸಿಟ್ಟಿನಲ್ಲಿ ಹೆಚ್ಚು ಬರೆದೆನೇನೋ. ದೀಪಾವಳಿಗೆ ಕೋಣೆಯ ಹೊಸ್ತಿಲಿಗೆ ಎರಡು ಪಣತಿ ಇಟ್ಟೆ. ಈ ತಿಂಗಳಲ್ಲಿ ಯಾರೂ ಬರಲಿಲ್ಲ. ಪೋಸ್ಟ್‌ಮ್ಯಾನ್ ಹಾದುಹೋಗುವಾಗ "ಇವತ್ತೂ ಇಲ್ರಿ ಸಾಹೇಬ್ರ" ಎನ್ನುತ್ತಾನೆ. ನಾನು ಕೇಳಿರುವುದಿಲ್ಲ, ಅವನೇ ಹೇಳುತ್ತಾನೆ. ಆರೋಗ್ಯ ನೋಡಿಕೋ.

ವ್ಯಂಕಟೇಶ

*

ಖಜೂರಿ
26 ಜನವರಿ 1997

ವ್ಯಂಕಟೇಶಾ,

ಈ ಪತ್ರ ಬರೆಯುವ ಮೊದಲು ಸ್ನಾನ ಮಾಡಿ, ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು ಕ್ಷಮೆ ಕೇಳಿದ್ದೇನೆ. ಆಣೆ ಮುರಿಯುತ್ತಿದ್ದೇನೆ. ಐದು ತಿಂಗಳು ಒದ್ದಾಡಿದೆ.

ನನಗೆ ಎಲ್ಲ ನೆನಪಿದೆ. ಹನ್ನೊಂದು ನಿಮಿಷ, ಬಿಚ್ಚಿದ ಜುಟ್ಟು, ಸಂತೆ ಕಟ್ಟೆಗೆ ಹೋದ ಚೆಂಡು, ಎಲ್ಲ. ಆ ಎರಡನೇ ಗೋಲು ನಿನ್ನ ತಪ್ಪಲ್ಲ, ದೊಡ್ಡಪ್ಪನ ಹೊಟ್ಟೆಯ ಕೆಳಗಿಂದ ಜಾರಿ ಹೋಯಿತು.

ಅವತ್ತು ಆಟ ಮುಗಿಸಿ ನಾನು ಮನೆಯಲ್ಲಿ ಕಾಲು ತೊಳೆಯುತ್ತಿದ್ದೆ. ನಿಮ್ಮ ಅಪ್ಪ ಬಂದರು. ಗಾಣಗಾಪುರದಿಂದ ಯಾವುದೋ ಕಾಗದಪತ್ರಕ್ಕೆ ತಹಸೀಲ ಕಚೇರಿಗೆ ಬಂದವರು, ಗದ್ದಲ ಕೇಳಿ ಬಯಲಿನ ಕಡೆ ಬಂದಿದ್ದರಂತೆ. ಜೇವರ್ಗಿಯವರ ಬಂಡಿಗಳ ಹಿಂದೆ ನಿಂತು ಎಲ್ಲ ನೋಡಿದ್ದರು. ನೀನು ಅವರನ್ನು ನೋಡಲಿಲ್ಲ. ನಮ್ಮ ಕಟ್ಟೆಯ ತುದಿಗೆ ಕೂತರು. ಬಾಯಿ ಒಣಗಿತ್ತು. ನಮ್ಮವ್ವ ನೀರು ಕೊಟ್ಟಳು, ಕುಡಿದರು. ನಮ್ಮ ಮನೆಯಲ್ಲಿ ಅವರು ನೀರು ಮುಟ್ಟಿದ್ದು ಅದೇ ಮೊದಲು, ಅದೇ ಕೊನೆ.

"ಪಾಟೀಲಾ, ನನ್ನ ಮೂರು ಹೆಣ್ಮಕ್ಕಳ ಮದುವಿ ಆಗಬೇಕು" ಎಂದರು. "ನನ್ನ ಮಗ ತೊಗಲಿನ ಚೆಂಡಿಗೆ ತಲಿಮ್ಯಾಲಿನ ಶೆಂಡಿ ಕೊಟ್ಟ, ಚಮನಸಾಬನ ಅಂಗಿ ಹಾಕ್ಕೊಂಡ ಅನ್ನೂದು ನಮ್ಮ ಮಂದಿಗೆ ತಿಳದ್ರ ಯಾರೂ ಹೊಸ್ತಿಲ ತುಳಿಯಂಗಿಲ್ಲ. ಸಂಗಮದಾಗ ನನ್ನ ಕಡಿಂದ ಯಾತ್ರಿಕರು ಸಂಕಲ್ಪ ಹೇಳಿಸಿಕೊಳ್ಳಂಗಿಲ್ಲ. ಇದನ್ನ ಯಾರ ಮುಂದೂ ಆಡಬ್ಯಾಡ. ಅವನ ಮುಂದೂ ಆಡಬ್ಯಾಡ. ಕೊರಳಾಗಿನ ಲಿಂಗ ಮುಟ್ಟಿ ಆಣಿ ಮಾಡು."

ಹಿರಿಯರು, ಕೈ ಮುಗಿದು ಕೂತಿದ್ದರು. ನನಗಾಗ ಇಪ್ಪತ್ತೊಂದು. ಲಿಂಗ ಮುಟ್ಟಿ ಆಣೆ ಮಾಡಿದೆ. ಆವತ್ತೇ ಬ್ಲೇಡಿನಿಂದ ರಿಜಿಸ್ಟರಿನಲ್ಲಿ ನಿನ್ನ ಹೆಸರು ಕೆರೆದು ತೆಗೆದೆ. ಹುಡುಗರಿಗೆಲ್ಲ ತಾಕೀತು ಮಾಡಿದೆ. ನಿನ್ನ ಸುದ್ದಿ ಎತ್ತಿದವರ ಮೇಲೆ ರೇಗಿದೆ. ನೀನು ಆಡಲೇ ಇಲ್ಲ ಎಂದು ಮಲ್ಲಣ್ಣ ಹೇಳಿ ಹೇಳಿ ತಾನೇ ನಂಬಿಬಿಟ್ಟಿದ್ದಾನೆ.

ನೀನು ಪತ್ರ ಬರೆದು ಕೇಳಿದಾಗ ಪೇಚಿಗೆ ಬಿದ್ದೆ. ನಡೆದದ್ದನ್ನು ಹೇಳುವುದಿಲ್ಲ ಎಂದು ಆಣೆ. ನಡೆಯದೇ ಇದ್ದದ್ದನ್ನು ಹೇಳಬೇಡ ಎಂದು ಯಾರೂ ಆಣೆ ಹಾಕಿಸಿರಲಿಲ್ಲ. ಸುಳ್ಳು ಹೇಳಿದರೆ ಆಣೆಯೂ ಉಳಿಯುತ್ತದೆ, ನಿನ್ನ ಹೆಸರೂ ಗೋಡೆಗೆ ಏರುತ್ತದೆ ಎಂದು ಲೆಕ್ಕ ಹಾಕಿದೆ. ಸುಳ್ಳೇ ಹೇಳುವುದಾದರೆ ಕಂಜೂಸಿ ಯಾಕೆ ಎಂದು ಗೋಲನ್ನೂ ಕೊಟ್ಟೆ, ಮೆರವಣಿಗೆಯನ್ನೂ ಕೊಟ್ಟೆ. ನನ್ನ ಬುದ್ಧಿ ಅಷ್ಟೇ, ಏನು ಮಾಡಲಿ?

ಆದರೆ ನೀನು ಕೆಟ್ಟದಾಗಿ ಆಡಿದ್ದಕ್ಕೆ ಕರೆಯಲಿಲ್ಲ ಎಂದು ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೆ ಆಣೆ ಹಿಡಿದುಕೊಂಡು ಕೂರಲು ಆಗಲಿಲ್ಲ. ನಿಮ್ಮ ಅಪ್ಪ ಎದ್ದು ಹೋಗುವಾಗ ಮೆಟ್ಟಿಲ ಮೇಲೆ ನಿಂತರು. ಚಪ್ಪಲಿ ಹಾಕಿಕೊಳ್ಳುತ್ತ, ನನ್ನ ಕಡೆ ನೋಡದೆ ಹೇಳಿದರು: "ಹುಡುಗ ಛಲೋ ಆಡಿದ. ಇನ್ನೊಮ್ಮೆ ಕರೀಬ್ಯಾಡ."

ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ನಾನು ನಲವತ್ತು ವರ್ಷ ಎರಡನೆಯದನ್ನು ಮಾತ್ರ ಪಾಲಿಸಿದೆ, ಮೊದಲನೆಯದನ್ನು ನಿನಗೆ ತಲುಪಿಸಲಿಲ್ಲ. ನಿನ್ನ ಮುಖ ನೋಡುವುದಕ್ಕೆ ಆಗದೆಯೇ ನಾನು ಅಫಜಲಪುರದ ಕಡೆ ಬರುವುದನ್ನು ಬಿಟ್ಟದ್ದು.

ಇದು ಖರೆ ಸಾಕ್ಷಿ. ಬೇಕಾದರೆ ಇಟ್ಟುಕೋ, ಬೇಡವಾದರೆ ಹರಿದು ಹಾಕು.

ದೌಲತರಾಯ

*

ಅಫಜಲಪುರ
16 ಫೆಬ್ರವರಿ 1997

ದೌಲತಾ,

ನಿನ್ನ ಪತ್ರ ಬಂದು ಎರಡು ವಾರವಾಯಿತು. ಮೂರು ದಿನ ಮ್ಯೂಸಿಯಂ ತೆರೆಯಲಿಲ್ಲ. ಯಾರಿಗೂ ತೊಂದರೆಯಾಗಲಿಲ್ಲ.

ನಿನ್ನ ಮೇಲೆ ಸಿಟ್ಟಿಲ್ಲ. ಇತ್ತು, ಎರಡು ದಿನ ಇತ್ತು, ನೀನು ಎದುರಿಗಿದ್ದರೆ ಆ ನಿನ್ನ ಬೂಟನ್ನೇ ಎಸೆಯುತ್ತಿದ್ದೆ. ಆಮೇಲೆ ಇಳಿಯಿತು. ಲಿಂಗ ಮುಟ್ಟಿ ಆಣೆ ಮಾಡಿ ಸುಳ್ಳಿನ ಸಂದಿಯಲ್ಲಿ ನುಸುಳಲು ನೋಡಿದೆಯಲ್ಲ, ನಿನ್ನನ್ನು ಬಿಟ್ಟರೆ ಬೇರೆ ಯಾರಿಗೂ ಅದು ಹೊಳೆಯುವುದಿಲ್ಲ. ಒಬ್ಬನೇ ಕೂತು ನಕ್ಕೆ. ನಕ್ಕು ಬಹಳ ದಿನವಾಗಿತ್ತು.

ಚೀಟಿ ಬರೆದಿದ್ದೇನೆ. ಏಳನೇ ನಂಬರಿನ ಅಂಗಿಯ ಕೆಳಗೆ ಹಚ್ಚಿದ್ದೇನೆ: "ಮಾರ್ಚ್ 1956, ಜೇವರ್ಗಿ ವಿರುದ್ಧ. ಚಮನಸಾಬನ ಅಂಗಿ. ಕೊನೆಯ ಹನ್ನೊಂದು ನಿಮಿಷ ಇದನ್ನು ತೊಟ್ಟು ಆಡಿದವನು ವ್ಯಂಕಟೇಶ. ಚೆಂಡು ಮುಟ್ಟಿದ್ದು ಎರಡು ಸಲ. ಸಾಕ್ಷಿಗಳು: ಕ್ಯಾಪ್ಟನ್ ದೌಲತರಾಯ ಪಾಟೀಲ, ಮತ್ತು ನೋಡಲು ಬಂದಿದ್ದ ಗಾಣಗಾಪುರದ ಒಬ್ಬ ಪುರೋಹಿತರು." ಸತ್ತವರ ಮಾತು ನಿನ್ನ ಬಾಯಿಂದ ಬಂದರೆ ಅದು ಎರಡನೇ ಸಾಕ್ಷಿ ಆಗುವುದಿಲ್ಲ, ನಿಯಮ ಮಾಡಿದವನಿಗೆ ಗೊತ್ತಿಲ್ಲವೇ? ಗೊತ್ತಿದ್ದೇ ಹಚ್ಚಿದ್ದೇನೆ. ಯಾರು ಕೇಳುತ್ತಾರೆ, ಕೇಳಲಿ.

ಆ ಪಂದ್ಯದ ನಂತರ ಅಪ್ಪ ಹದಿನಾಲ್ಕು ವರ್ಷ ಬದುಕಿದ್ದರು. ಮೂರು ತಂಗಿಯರ ಮದುವೆಯೂ ಆಯಿತು, ಕಡೆಯದು ಅರವತ್ತೆರಡರಲ್ಲಿ. ಅಲ್ಲಿಂದ ಮುಂದೆ ಮುಚ್ಚಿಡುವುದಕ್ಕೆ ಕಾರಣವೇ ಇರಲಿಲ್ಲ. ರಜೆಗೆ ಹೋದಾಗಲೆಲ್ಲ ಅವರ ಪಕ್ಕದ ಮಣೆಯ ಮೇಲೆ ಕೂತು ಉಂಡಿದ್ದೇನೆ. ಕೊನೆಯ ಬೇನೆಯಲ್ಲಿ ಹನ್ನೆರಡು ದಿನ ಕಾಲು ಒತ್ತಿದ್ದೇನೆ. ಇಬ್ಬರೇ ಇರುತ್ತಿದ್ದೆವು. ಅವರು ಮಾತಾಡುತ್ತಿದ್ದರು, ನೀರು ಕೇಳುತ್ತಿದ್ದರು, ಕಿಟಕಿ ಹಾಕು ಎನ್ನುತ್ತಿದ್ದರು. ನನ್ನ ಆಟ ನೋಡಿ ನೆನಪಿಟ್ಟವರು ಈ ಭೂಮಿಯ ಮೇಲೆ ಒಬ್ಬರೂ ಇಲ್ಲ ಎಂದುಕೊಂಡು ನಾನು ಆ ಕಾಲು ಒತ್ತುತ್ತಿದ್ದೆ.

ಹುಡುಗ ಛಲೋ ಆಡಿದ. ಮೂರೇ ಮಾತು, ದೌಲತಾ. ಅದನ್ನು ಅವರು ನಿನ್ನ ಮೆಟ್ಟಿಲ ಮೇಲೆ ಹೇಳದೆ ನನ್ನ ಮುಂದೆ ಒಂದು ಸಲ ಹೇಳಿದ್ದರೆ, ಈ ಕೋಣೆಗೆ ನಾನು ಸುಣ್ಣ ಬಳಿಯುತ್ತಿರಲಿಲ್ಲ. ಯಾವ ಮ್ಯೂಸಿಯಮ್ಮೂ ನನಗೆ ಬೇಕಾಗುತ್ತಿರಲಿಲ್ಲ.

ನಿನ್ನ
ವ್ಯಂಕಟೇಶ